ಎರಡನೇ ಹಾಳೆ

ಮಾದೇವಿ ನಗುವಾಗ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಒಂಬತ್ತು ವರ್ಷದ ಹುಡುಗಿ. ನಗು ಬರುವ ಮೊದಲೇ ಕೈ ಮೇಲೇರುತ್ತಿತ್ತು. ನಾಚಿಕೆ ಸ್ವಭಾವ ಇರಬೇಕು ಎಂದುಕೊಂಡಿದ್ದೆ. ಒಂದು ದಿನ ಗಾಳಿಗೆ ನನ್ನ ಕಾಗದಗಳು ಹಾರಿ ಎಮ್ಮೆಯ ಮುಂದೆ ಬಿದ್ದವು. ಅದು ಒಂದನ್ನು ನೆಮ್ಮದಿಯಾಗಿ ಮೇಯತೊಡಗಿತು. ಮಾದೇವಿಯ ಎರಡು ಕೈಯಲ್ಲೂ ಕೊಡಗಳಿದ್ದವು. ಬಾಯಿ ಮುಚ್ಚಿಕೊಳ್ಳಲಾಗದೆ ನಕ್ಕೇಬಿಟ್ಟಳು. ಆಗ ಕಂಡೆ ಅವಳ ಹಲ್ಲುಗಳನ್ನು. ಒಂದೊಂದರ ಮೇಲೂ ಕಂದು ಪಟ್ಟೆ, ತುಕ್ಕು ಹಿಡಿದ ತಗಡಿನ ಹಾಗೆ.

ನಾನಾಗ ಮಾದೇವಿಯ ಊರಿನ ವಿಶ್ವವಿದ್ಯಾಲಯದಲ್ಲಿ 'ವಿಜ್ಞಾನ, ತಂತ್ರಜ್ಞಾನ ಮತ್ತು ಸಾರ್ವಜನಿಕ ನೀತಿ' ಎಂಬ ಉದ್ದ ಹೆಸರಿನ ಸ್ನಾತಕೋತ್ತರ ಓದಿನಲ್ಲಿದ್ದೆ. ಅದೇನು ಓದು ಎಂದು ನೆಂಟರು ಕೇಳಿದರೆ, ವಿಜ್ಞಾನಿಗಳಿಗೆ ಗೊತ್ತಿರುವುದನ್ನು ಆಳುವವರಿಗೆ ಅರ್ಥವಾಗುವ ಹಾಗೆ ಹೇಳುವ ವಿದ್ಯೆ ಎನ್ನುತ್ತಿದ್ದೆ. ಹಾಗೆ ಹೇಳುವಾಗ ನನ್ನ ತಲೆ ಸ್ವಲ್ಪ ಮೇಲೆಯೇ ಇರುತ್ತಿತ್ತು, ಸುಳ್ಳೇಕೆ ಹೇಳಲಿ.

ಊರಿನ ಅಂಚಿನ ವಾರ್ಡಿನಲ್ಲಿ ಹನ್ನೆರಡು ಕೈಪಂಪುಗಳಿದ್ದವು. ಅವುಗಳ ನೀರಿನಲ್ಲಿ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಎಷ್ಟಿದೆಯೆಂದು ಅಳೆದು, ಆ ವಾರ್ಡಿಗೆ ನದಿ ನೀರಿನ ಪೈಪು ಬೇಕೆ ಬೇಡವೆ ಎಂದು ಪುರಸಭೆಗೆ ಶಿಫಾರಸು ಬರೆಯುವುದು ನನ್ನ ಪ್ರಬಂಧದ ಕೆಲಸ. ಆ ವರ್ಷ ಒಂದೇ ಒಂದು ವಾರ್ಡಿಗೆ ಪೈಪು ಎಳೆಯುವುದೆಂದು ತೀರ್ಮಾನವಾಗಿತ್ತು. ಯಾವುದಕ್ಕೆ ಎಂಬುದು ನಮ್ಮ ವಿಭಾಗದ ವರದಿಗಳನ್ನು ನೋಡಿ ನಿರ್ಧಾರವಾಗುವುದಿತ್ತು.

ಹನ್ನೆರಡನೇ ಪಂಪು ಗುಡ್ಡದ ಬುಡದ ಕೊನೆಯ ಓಣಿಯಲ್ಲಿತ್ತು. ಅದರ ಎದುರಿನ ಮನೆ ಮಾದೇವಿಯ ಅಜ್ಜಿ ದ್ಯಾವಮ್ಮನದು. ಮಗ, ಸೊಸೆ ಬೆಳಗಾದರೆ ಕಲ್ಲು ಒಡೆಯಲು ಹೋಗುತ್ತಿದ್ದರು. ಎರಡು ಹೆಣ್ಣುಮಕ್ಕಳು ಅಜ್ಜಿಯ ಕೈಯಲ್ಲಿ. ಅಜ್ಜಿಗೆ ಕತ್ತು ತಿರುಗುತ್ತಿರಲಿಲ್ಲ. ಯಾರಾದರೂ ಪಕ್ಕದಿಂದ ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡಬೇಕು. ಅದಕ್ಕೂ ಆ ನೀರೇ ಕಾರಣವೆಂದು ಆಸ್ಪತ್ರೆಯ ಡಾಕ್ಟರು ಹೇಳಿದ್ದರು. ಅವರು ಇನ್ನೊಂದು ಮಾತನ್ನೂ ಹೇಳಿದ್ದರು. ಅದನ್ನು ದ್ಯಾವಮ್ಮ ಚಿಕ್ಕ ಮೊಮ್ಮಗಳು ಚಂದ್ರಿಯನ್ನು ಎತ್ತಿಕೊಂಡು, ಅವಳ ತುಟಿಯನ್ನು ಬೆರಳಿನಿಂದ ಸರಿಸಿ ನನಗೆ ತೋರಿಸುತ್ತ ಹೇಳಿದಳು.

"ನೋಡವ್ವ, ಇವೆಲ್ಲ ಹಾಲುಹಲ್ಲು. ಮಲ್ಲಿಗೆ ಮೊಗ್ಗಿನಂಗವೆ. ಮುಂದೆ ಬರೋ ಹಲ್ಲು ಈಗ್ಲೇ ಒಳಗೆ ಕಟ್ಕೊಂತಾ ಇರ್ತವಂತೆ. ದೊಡ್ಡವಳದು ಹೋಯ್ತು, ಹೋಗ್ಲಿ. ಈ ಮಗೀಗಾದ್ರೂ ಒಳ್ಳೆ ನೀರು ಕುಡಿಸಬೇಕು. ಬೇಗ ಬರ್ತದಾ ಪೈಪು?"

ಚಂದ್ರಿಗೆ ಆಗ ಎರಡು ತುಂಬಿ ಎರಡು ತಿಂಗಳು. ಬರುತ್ತದೆ ಅಜ್ಜಿ, ನಾನು ಬರೆಯುತ್ತೇನೆ ಎಂದೆ. ಆಕೆ ಒಳಗೆ ಹೋಗಿ ಬಿಸಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಂದಿಟ್ಟಳು. ತಿಂದೆ. ನೀರು ಮಾತ್ರ ನನ್ನ ಬಾಟಲಿಯದೇ ಕುಡಿದೆ. ಆಕೆ ಅದನ್ನು ಕಂಡು, ನನಗೆಂದು ತಂದಿದ್ದ ನೀರಿನ ಲೋಟವನ್ನು ಒಳಗೆ ಒಯ್ದಳು.

ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಹನ್ನೊಂದು ಪಂಪುಗಳಲ್ಲಿ ಒಂದರ ಆಸುಪಾಸಿನಲ್ಲೇ ಇತ್ತು. ಹನ್ನೆರಡನೆಯದರಲ್ಲಿ ನಾಲ್ಕು ಪಾಯಿಂಟ್ ಏಳು. ಮೂರು ಸಲ ಅಳೆದೆ, ಮೂರು ಸಲವೂ ಅದೇ.

ಈಗ ನಮ್ಮ ಪ್ರೊಫೆಸರ್ ಶ್ರೀಪತಯ್ಯನವರ ವಿಷಯ ಹೇಳಬೇಕು. ಅವರನ್ನು ನೆನೆದರೆ ಇವತ್ತಿಗೂ ನನಗೆ ಸಿಟ್ಟು ಬರುತ್ತದೆ. ಅವರ ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ಯಾವ ವರದಿಯಾದರೂ ಒಂದೇ ಹಾಳೆ. ಆಳುವವರಿಗೆ ಹಾಳೆ ತಿರುಗಿಸುವ ಪುರುಸೊತ್ತಿಲ್ಲ ಎಂಬುದು ಅವರ ವೇದವಾಕ್ಯ. ಪ್ರತಿ ಶುಕ್ರವಾರ ಮಧ್ಯಾಹ್ನ ನಾವು ಸಾಲಾಗಿ ಕುಳಿತು ನಮ್ಮ ನಮ್ಮ ಹಾಳೆಯನ್ನು ಓದಬೇಕು. ಯಾರಾದರೂ ಎರಡನೇ ಹಾಳೆ ತಂದಿದ್ದರೆ ಅದನ್ನು ಇಸಿದುಕೊಂಡು ಮೇಜಿನ ಮೇಲೆ ಹಾಸಿ, ತಮ್ಮ ಚಹಾ ಲೋಟವನ್ನು ಅದರ ಮೇಲೆ ಇಡುತ್ತಿದ್ದರು. ನಾವೆಲ್ಲ ನಗುತ್ತಿದ್ದೆವು. ಎರಡನೇ ಹಾಳೆ ಲೋಟಕ್ಕೆ ಎಂಬುದು ನಮ್ಮ ನಡುವೆ ಗಾದೆಯೇ ಆಗಿತ್ತು. ಯಾರ ಬದುಕು ಆ ಲೋಟದ ಅಡಿಯಲ್ಲಿದೆ ಎಂದು ಒಬ್ಬರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಾನು ಬರೆದದ್ದು ಮೂರು ಹಾಳೆ ಆಗಿತ್ತು. ಕಡಿದೆ, ಮತ್ತೆ ಕಡಿದೆ. ಕೊನೆಗೆ ಹನ್ನೆರಡು ಪಂಪುಗಳ ಪಟ್ಟಿಯನ್ನು ಅನುಬಂಧವೆಂದು ಎರಡನೇ ಹಾಳೆಗೆ ಹಾಕಿ, ಮೊದಲ ಹಾಳೆಯಲ್ಲಿ ಸರಾಸರಿಯನ್ನು ಬರೆದೆ. ವಾರ್ಡಿನ ಸರಾಸರಿ ಒಂದು ಪಾಯಿಂಟ್ ನಾಲ್ಕು. ಇದು ಮಿತಿಗೆ ತೀರ ಹತ್ತಿರವಿರುವುದರಿಂದ ಪೈಪು ಅಗತ್ಯ. ಓದಿದಾಗ ಗೆಳತಿಯರು ಮೇಜು ತಟ್ಟಿದರು. ಅನುಬಂಧ ಲೋಟದ ಅಡಿಗೆ ಹೋಯಿತು. ಮೊದಲ ಹಾಳೆ ಪುರಸಭೆಗೆ ಹೋಯಿತು. ನನಗೆ ಆ ವರ್ಷ ಮೊದಲ ರ‍್ಯಾಂಕು ಬಂತು.

ಪೈಪು ಬೇರೆ ವಾರ್ಡಿಗೆ ಹೋಯಿತು ಎಂಬ ಸುದ್ದಿ ಬಂದಾಗ ನಾನು ದ್ಯಾವಮ್ಮನನ್ನು ಕರೆದುಕೊಂಡು ಪುರಸಭೆಗೆ ನುಗ್ಗಿದೆ. ಆಕೆಯ ಸೊಂಟದಲ್ಲಿ ಚಂದ್ರಿ. ನೀರು ಸರಬರಾಜಿನ ಎಂಜಿನಿಯರನ ಮುಂದೆ ನಿಂತು, ಒಂದು ಓಣಿಯ ಜನಕ್ಕೆ ವಿಷ ಕುಡಿಸಿ ಕುಳಿತಿದ್ದೀರಲ್ಲ, ನಿಮಗೆ ಮಕ್ಕಳಿಲ್ಲವೇ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಆತ ಸಿಟ್ಟಾಗಲಿಲ್ಲ. ಫೈಲು ತೆಗೆದು ಒಂದು ಹಾಳೆಯನ್ನು ನನ್ನತ್ತ ತಿರುಗಿಸಿದ.

"ಇದು ನಿಮ್ದೇ ಅಲ್ವಾ ಮೇಡಂ? ಮಿತಿಗೆ ಹತ್ತಿರ ಅಂದ್ರೆ ಮಿತಿ ಒಳಗೇ ಅಂತ ತಾನೇ?"

ನನ್ನದೇ. ಕೆಳಗೆ ನನ್ನದೇ ಸಹಿ. ದ್ಯಾವಮ್ಮ ಇಡೀ ಮೈ ತಿರುಗಿಸಿ ನನ್ನನ್ನು ನೋಡಿ, ಅದರಲ್ಲಿ ಏನು ಬರೆದೈತೆ ತಾಯಿ ಎಂದು ಕೇಳಿದಳು. ಓದಿ ಹೇಳಿದೆ. ಸರಾಸರಿ ಎಂದರೇನು ಎಂದಳು. ಎಲ್ಲ ಪಂಪಿನದನ್ನೂ ಕೂಡಿ ಸಮನಾಗಿ ಹಂಚಿದರೆ ಒಂದೊಂದಕ್ಕೆ ಬರುವುದು ಎಂದು ವಿವರಿಸಿದೆ. ಆಕೆ ಚಂದ್ರಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು.

"ಹನ್ನೊಂದು ಮನೆ ಸಾರಿಗೆ ಉಪ್ಪು ಹದವಾಗೈತೆ ಅಂದ್ರೆ ನಮ್ಮನೆ ಸಾರಿನ ಉಪ್ಪು ಕಮ್ಮಿಯಾಗ್ತದೇನವ್ವ?"

ಅಲ್ಲಿಂದ ನೇರ ವಿಭಾಗಕ್ಕೆ ಹೋದೆ. ಶ್ರೀಪತಯ್ಯನವರ ಬಾಗಿಲು ತಟ್ಟಲೂ ಇಲ್ಲ. ನಿಮ್ಮ ಒಂದು ಹಾಳೆಯ ಹುಚ್ಚಿಗೆ ಒಂದು ಮಗುವಿನ ಬಾಯಿ ಹಾಳಾಗುತ್ತಿದೆ ಎಂದೆ. ಗುರುಗಳಿಗೆ ಆಡಬಾರದ ಮಾತುಗಳನ್ನೂ ಆಡಿದೆ. ಅವರು ಎದ್ದು, ಕಪಾಟಿನಿಂದ ಹಳೆಯ ಕಾಗದಗಳ ಕಟ್ಟು ತೆಗೆದು, ಹುಡುಕಿ, ಒಂದನ್ನು ಮೇಜಿನ ಮೇಲಿಟ್ಟರು. ನನ್ನ ಅನುಬಂಧ. ನಡುವೆ ಚಹಾ ಲೋಟದ ದುಂಡನೆಯ ಕಲೆ.

ಇಷ್ಟು ಕಾಲ ಈ ಕತೆಯನ್ನು ಹೇಳುವಾಗಲೆಲ್ಲ ನಾನು ಈ ಕಲೆಯ ಹತ್ತಿರವೇ ನಿಲ್ಲಿಸುತ್ತಿದ್ದೆ. ಕೇಳಿದವರು ಶ್ರೀಪತಯ್ಯನವರನ್ನು ಬೈಯುತ್ತಿದ್ದರು, ನನಗೆ ಹಿತವಾಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆದರೆ ಆ ದಿನ ಅವರು ಇನ್ನೊಂದು ಮಾತು ಆಡಿದರು.

"ಇದನ್ನ ನಾನು ಲೋಟ ಇಡೋ ಮೊದಲೇ ಓದಿದ್ದೆನಮ್ಮ. ಓದಿಯೇ ನಿನ್ನನ್ನ ಕೇಳಿದ್ದೆ, ಈ ನಾಲ್ಕು ಪಾಯಿಂಟ್ ಏಳು ಮೊದಲನೇ ಹಾಳೆಗೆ ಬರಬೇಡವಾ ಅಂತ. ನೀನು ಏನಂದೆ, ಜ್ಞಾಪಕ ಇದೆಯಾ?"

ಜ್ಞಾಪಕವಿತ್ತು. 'ಒಂದೇ ಪಂಪು ಸರ್, ಅದನ್ನ ಹಾಕಿದರೆ ಇಡೀ ವಾರ್ಡಿನ ಚಿತ್ರ ಕೆಡುತ್ತೆ' ಎಂದಿದ್ದೆ. ಅದು ಪೂರ್ತಿ ನಿಜವೂ ಅಲ್ಲ. ಆ ಒಂದು ಸಾಲಿಗೆ ಜಾಗ ಮಾಡಬೇಕಿದ್ದರೆ, ಪುರಾವೆ ಆಧರಿಸಿದ ಆಡಳಿತ ಎಂದರೇನು ಎಂದು ನಾನು ಬರೆದಿದ್ದ ನಾಲ್ಕು ಸಾಲು ಕಡಿಯಬೇಕಾಗಿತ್ತು. ಆ ನಾಲ್ಕು ಸಾಲಿಗೇ ಗೆಳತಿಯರು ಮೇಜು ತಟ್ಟಿದ್ದು.

ಹಾಗೆಂದು ಅವರನ್ನು ಕ್ಷಮಿಸಿದೆನೇ? ಇಲ್ಲ. ಗೊತ್ತಿದ್ದೂ ಲೋಟ ಇಟ್ಟವರು ಅವರು. ಗೊತ್ತಿದ್ದೂ ಹಾಳೆ ಕೊಟ್ಟವಳು ನಾನು. ಇಬ್ಬರ ಮೇಲೂ ಇರುವ ಸಿಟ್ಟು ಒಂದಿಷ್ಟೂ ತಗ್ಗಿಲ್ಲ, ತಗ್ಗುವುದೂ ನನಗೆ ಬೇಡ.

ಆಮೇಲೆ ಸುಮ್ಮನೆ ಕೂರಲಿಲ್ಲ. ಒಂದೇ ಸಾಲಿನ ವರದಿ ಬರೆದೆ: ಹನ್ನೆರಡನೇ ಪಂಪಿನ ನೀರು ಕುಡಿಯಲು ಯೋಗ್ಯವಲ್ಲ. ಅದನ್ನು ಹಿಡಿದುಕೊಂಡು ಪುರಸಭೆಯ ಮೆಟ್ಟಿಲು ಸವೆಸಿದೆ. ಒಮ್ಮೆ ಒಳ್ಳೆಯ ನೀರು ಎಂದು ಬರೆದಾದ ವಾರ್ಡಿನ ಫೈಲನ್ನು ಮತ್ತೆ ತೆರೆಯಲು ಯಾರೂ ಒಪ್ಪಲಿಲ್ಲ. ಹಿಂದಿನ ವರದಿ ತಪ್ಪು ಎನ್ನಲು ನೀವ್ಯಾರು ಎಂದು ಕೇಳಿದರು. ಅದನ್ನು ಬರೆದವಳು ಎಂದೆ. ದೂರದ ಪಂಪಿನಿಂದ ನೀರು ತನ್ನಿ ಎಂದು ದ್ಯಾವಮ್ಮನಿಗೂ ಹೇಳಿದೆ. ಮಾದೇವಿ ಒಂದೆರಡು ತಿಂಗಳು ಹೊತ್ತಳು. ಎಂಟು ಓಣಿ ದಾಟಿ ದಿನವೂ ಹೊರುವುದು ಆ ಮಗುವಿನಿಂದ ಆಗಲಿಲ್ಲ. ಕೊನೆಗೂ ಪೈಪು ಬಂತು. ಬರುವ ಹೊತ್ತಿಗೆ ಚಂದ್ರಿಗೆ ಏಳು ವರ್ಷ.

ನಲ್ಲಿಯಲ್ಲಿ ಮೊದಲ ಸಲ ನೀರು ಬಿಟ್ಟ ಬೆಳಿಗ್ಗೆ ನಾನು ಅಲ್ಲಿಗೆ ಹೋಗಿದ್ದೆ. ದ್ಯಾವಮ್ಮ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡು ಮೈ ತಿರುಗಿಸಿದಳು, ಬಾ ಎನ್ನಲಿಲ್ಲ. ಮಾದೇವಿ ಎತ್ತರವಾಗಿದ್ದಳು. ಚಂದ್ರಿ ನಲ್ಲಿಯ ಕೆಳಗೆ ತಲೆಯೊಡ್ಡಿ ಆಡುತ್ತಿದ್ದವಳು ನನ್ನ ಬಳಿ ಓಡಿಬಂದಳು.

"ಅಕ್ಕಾ, ನಂಗೆ ಹೊಸ ಹಲ್ಲು ಬಂದೈತೆ, ನೋಡು."

ಬಾಯಿ ಅಗಲಿಸಿ ತೋರಿಸಿದಳು. ಮುಂದಿನ ಎರಡು ಹಲ್ಲು ಪೂರ್ತಿ ಬಂದಿದ್ದವು. ಎರಡರ ಮೇಲೂ ಕಂದು ಪಟ್ಟೆ. ಅವಳಿಗೆ ಅದಿನ್ನೂ ಗೊತ್ತಿರಲಿಲ್ಲ. ಹೊಸ ಹಲ್ಲಿನ ಹಿಗ್ಗಿಗೆ ಕಿಲಕಿಲ ನಗುತ್ತಿದ್ದಳು. ನಾನು ಏನಾದರೂ ಅನ್ನುವ ಮೊದಲೇ ಮಾದೇವಿ ಹಿಂದಿನಿಂದ ಬಂದಳು. ನನ್ನತ್ತ ನೋಡಲಿಲ್ಲ. ತಂಗಿಯ ಕೈಯನ್ನು ಮೆಲ್ಲಗೆ ಹಿಡಿದು, ಮೇಲೆತ್ತಿ, ಅಂಗೈಯನ್ನು ಅವಳ ಬಾಯಿಯ ಮೇಲೆ ಇಟ್ಟಳು.