ಸಾಲು ನುಂಗಿದ ಗುರುತು

ದನಗಾಹಿಗಳ ಹಿರಿಯ ಗಲ್ಗಾಲೋ ತಾತನ ಹೆಬ್ಬೆಟ್ಟನ್ನು ಅವನ ಕುಲದ ಹುಡುಗರೇ ಕಡಿದರು ಎಂಬ ಸುದ್ದಿ ಬಂದಾಗ ಜಿಲ್ಲೋ ಮೇಷ್ಟ್ರು ಶಾಲೆಯ ಜಗಲಿಯ ಮೇಲೆ ಚಹಾ ಕುಡಿಯುತ್ತಿದ್ದರು. ಸುದ್ದಿ ತಂದವನು ತಾನಾ ನದಿಯ ದೋಣಿಯವನು. ಅವನ ಭುಜ ಸೀಳಿ, ರಕ್ತ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು.

"ನಿಮ್ ಕಾಗ್ದಾನೇ ಹಿಡ್ಕೊಂಡು ಕುಣೀತಿದಾರೆ ಮೇಷ್ಟ್ರೇ. ಒಪ್ಪಂದದಲ್ಲಿ ದನಗಾಹಿಗಳಿಗೆ ಒಂದು ಗೇಣು ದಡಾನೂ ಇಲ್ವಂತೆ. ಮುದುಕ ರೈತರ ಹತ್ರ ಲಂಚ ತಿಂದು ನದೀನ ಮಾರ್ಕೊಂಡ, ಕಾಗ್ದಕ್ಕೆ ಒತ್ತಿದ ಬೆರಳು ಮೊದ್ಲು, ತಲೆ ಆಮೇಲೆ ಅಂತಿದಾರೆ. ನಮ್ ರೈತರ ಕಣಜಕ್ಕೂ ಬೆಂಕಿ ಇಟ್ರು."

ಅವನ ಮುಷ್ಟಿಯಲ್ಲಿ ಮುದುಡಿದ್ದ ಕರಪತ್ರವನ್ನು ಮೇಷ್ಟ್ರು ಬಿಡಿಸಿದರು. ಅವರೇ ಮಾಡಿದ್ದು ಅದು. ಗಣಿತ ಓದುವಾಗ ಲೇಟೆಕ್ ಎಂಬ, ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ವಿದ್ಯೆ ಕಲಿತು ಬಂದವರು. ಒಮ್ಮೆ ಅಚ್ಚು ಸಿದ್ಧಮಾಡಿಟ್ಟರೆ ಸಾಕು, ಸಾವಿನ ಪ್ರಾರ್ಥನೆಯ ಪುಸ್ತಿಕೆ, ಮಕ್ಕಳ ಸೂತ್ರಪುಟ, ಲಸಿಕೆಯ ಕರಪತ್ರ ಎಲ್ಲವೂ ಅದರಿಂದಲೇ ಇಳಿಯುತ್ತಿದ್ದವು. ಮಾವಿನ ಮರದ ಕೆಳಗೆ ರೈತರ, ದನಗಾಹಿಗಳ ಹಿರಿಯರು ಕೈ ಕುಲುಕಿದ ದಿನ ನದಿದಡ ಹಂಚಿಕೊಳ್ಳುವ ಈ ಒಪ್ಪಂದವನ್ನೂ ಅವರಿಗೇ ಒಪ್ಪಿಸಿದ್ದರು. ಅಂಚಿನ ಬಳ್ಳಿ ಚೆಂದವಾಗಿತ್ತು, ಕೈಕುಲುಕುವ ಚಿತ್ರ ನಟ್ಟನಡುವೆ ಕೂತಿತ್ತು. ಮೇಷ್ಟ್ರು ಕಣ್ತುಂಬ ನೋಡಿದ್ದರು. ಓದಿರಲಿಲ್ಲ.

ಈಗ ಓದಿದರು. "ದಡದಲ್ಲಿ ರೈತರಿಗೆ 60ದನ ನುಗ್ಗಿದರೆ ದಂಡ."

ಅವರು ಬರೆದಿದ್ದು ರೈತರಿಗೆ 60%, ದನಗಾಹಿಗಳಿಗೆ 40%, ಬೆಳೆಯೊಳಗೆ ದನ ನುಗ್ಗಿದರೆ ದಂಡ ಎಂದು. ಆ ಶೇಕಡಾ ಗುರುತಿನ ಹಿಂದೆ ಒಂದು ಓರೆಗೆರೆ ಹಾಕದಿದ್ದರೆ ಲೇಟೆಕ್ ಅಲ್ಲಿಂದಾಚೆಯ ಇಡೀ ಸಾಲನ್ನು ಕಾಣದಂತೆ ನುಂಗಿ, ಕೆಳಗಿನ ಸಾಲನ್ನು ತಂದು ಅಂಟಿಸುತ್ತದೆ. ಓರೆಗೆರೆಯನ್ನು ಅವರು ಮರೆತಿದ್ದರು.

"ದೋಣಿ ಎಲ್ಲಿ?"

"ಹೋದ್ರೆ ಹೆಣ ಆಗ್ತೀರಿ."

"ತಾತ ಹೆಣ ಆಗೋಕೆ ಮುಂಚೆ ಹೋಗ್ಬೇಕು."

ದಾರಿಯಲ್ಲಿ ಜೋಳದ ಹೊಲ ಉರಿಯುತ್ತಿತ್ತು. ಬದುವಿನ ಮೇಲೆ ಒಬ್ಬ ರೈತ ಬೋರಲಾಗಿ ಬಿದ್ದಿದ್ದ, ಬೆನ್ನಲ್ಲಿ ಈಟಿ ಇನ್ನೂ ನೆಟ್ಟಗೆ ನಿಂತಿತ್ತು. ಮೇಷ್ಟ್ರು ನಿಂತು, ಅವನ ಆತ್ಮವನ್ನು ದೇವರಿಗೆ ಒಪ್ಪಿಸಿ, ದೋಣಿ ನೀರಿಗಿಳಿಸಿದರು.

ಆಚೆ ದಡದಲ್ಲಿ ಗಲ್ಗಾಲೋ ತಾತನನ್ನು ಹುಣಸೆಮರಕ್ಕೆ ಕಟ್ಟಿದ್ದರು. ಬಲಗೈಗೆ ಸುತ್ತಿದ ಬಟ್ಟೆ ಕಪ್ಪಾಗಿ ಹೆಪ್ಪುಗಟ್ಟಿತ್ತು. ತಾತನ ತುಟಿಗಳು ಮಾತ್ರ ನಮಾಜಿನಲ್ಲಿದ್ದಂತೆ ಮೆಲ್ಲಗೆ ಆಡುತ್ತಿದ್ದವು. ಮುಂದೆ ಮಚ್ಚು ಹಿಡಿದು ನಿಂತವನು ಅಬಶೋರ, ಮೇಷ್ಟ್ರ ಹಳೆಯ ಶಿಷ್ಯ.

"ಬಂದ್ರು ನೋಡ್ರೋ ರೈತರ ಗುಮಾಸ್ತ್ರು! ದಾರಿ ಬಿಡ್ರಿ, ಇನ್ನೊಂದು ಕಾಗ್ದ ತಂದಿರ್ಬೇಕು."

"ಅಬಶೋರ, ತಾತ ಏನೂ ಮಾರಿಲ್ಲಪ್ಪ. ತಪ್ಪು ನಂದು. ಶೇಕಡಾ ಗುರುತು ನಿಮ್ ಪಾಲಿನ ಸಾಲು ನುಂಗ್ಬಿಡ್ತು."

ಗುಂಪು ಗಹಗಹಿಸಿತು. "ಗುರುತು ನುಂಗುತ್ತಾ? ಹಂಗಾದ್ರೆ ನನ್ ದೊಣ್ಣೆಗೂ ಹಸಿವಾಗೈತೆ!" ಎಂದು ಒಬ್ಬ ಬೀಸಿದ. ಮೇಷ್ಟ್ರ ಹೆಗಲ ಮೂಳೆ ಒಣಕಡ್ಡಿಯಂತೆ ಲಟಕ್ಕೆಂದಿತು. ಮಣ್ಣಿನಲ್ಲಿ ಮಂಡಿಯೂರಿದರು. ಇನ್ನೊಂದು ಏಟು ಬೆನ್ನಿಗೆ ಬಿತ್ತು. ಬಾಯಿಗೆ ಬಂದ ರಕ್ತವನ್ನು ಉಗಿದು ಅವರು ಅಬಶೋರನನ್ನೇ ನೋಡಿದರು.

"ಪರೀಕ್ಷೆಗೆ ನಾನು ಕೊಟ್ಟ ಸೂತ್ರಪುಟ ನೆನಪೈತಾ? ನಾಕು ಮಡಿಕೆದು. ಅದ್ರಲ್ಲಿ ಅಲ್ಲಲ್ಲಿ ಕೆಂಪು ಶಾಯಿ ಯಾಕಿತ್ತು, ಹೇಳು."

ಅಬಶೋರನ ಮಚ್ಚು ಅರ್ಧಕ್ಕೆ ನಿಂತಿತು.

"ಶೇಕಡಾ ಗುರುತು... ಅಚ್ಚಾಗಿರ್ಲಿಲ್ಲ. ಪಕ್ಕದ ಲೆಕ್ಕಾನೂ ಇರ್ಲಿಲ್ಲ. ಎಲ್ಲಾರ ಹಾಳೇಲೂ ನೀವೇ ಕೂತು ಬರ್ದಿದ್ರಿ. ಇದು ಹೊಟ್ಟೆಬಾಕ ಗುರುತು ಕಣ್ರೋ ಅಂತ ನಗ್ಸಿದ್ರಿ."

"ಅದೇ ಹೊಟ್ಟೆಬಾಕ. ಕರಪತ್ರ ನೋಡು. ಅರವತ್ತಕ್ಕೆ ದನ ಅಂಟಿಕೊಂಡೈತೆ. ಮಧ್ಯ ಒಂದು ಕೂದಲೆಳೆ ಜಾಗಾನಾದ್ರೂ ಐತಾ? ಮನುಷ್ಯ ಹಂಗೆ ಬರೀತಾನಾ?"

ಅಬಶೋರ ಕಾಗದವನ್ನು ಕಣ್ಣ ಹತ್ತಿರ ಹಿಡಿದ. ಬೆರಳಿಟ್ಟು ಓದಿದ. ಮತ್ತೆ ಓದಿದ. ಅವನ ಮುಖದ ಬಣ್ಣ ಇಳಿಯಿತು.

"ಬಿಚ್ರೋ ತಾತನ್ನ."

"ಇಷ್ಟು ದೂರ ಬಂದು ಬಿಡೋದಾ?" ಎಂದು ದೊಣ್ಣೆಯವನು ಪಕ್ಕದವನ ಈಟಿ ಕಿತ್ತುಕೊಂಡು ಮರದತ್ತ ನುಗ್ಗಿದ. ಅಬಶೋರ ತಿರುಗಿ ಮಚ್ಚಿನ ಬೆನ್ನಿನಿಂದ ಅವನ ಮುಂಗೈಗೆ ಅಪ್ಪಳಿಸಿದ. ಮೂಳೆ ಮುರಿದ ಸದ್ದಿಗೆ ಗುಂಪು ಹಿಂದೆ ಸರಿಯಿತು. ಈಟಿ ತಾತನ ಪಾದದ ಪಕ್ಕದಲ್ಲಿ ಮಣ್ಣಿಗೆ ಬಿತ್ತು.

ಕಟ್ಟು ಬಿಚ್ಚಿದ ಅಬಶೋರ ತಾತನ ಬೆರಳಿಲ್ಲದ ಕೈಯನ್ನು ಹಣೆಗೊತ್ತಿಕೊಂಡ. ತಾತ ಆ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಸತ್ತವರನ್ನು ಎರಡೂ ದಡದವರು ಮಣ್ಣು ಮಾಡಿದ ಮೇಲೆ, ಹೆಗಲಿಗೆ ಪಟ್ಟಿ ಕಟ್ಟಿಕೊಂಡೇ ಮೇಷ್ಟ್ರು ಹೊಸ ಕರಪತ್ರ ಮಾಡಿದರು. ಒಂಟಿಗೈಯಲ್ಲಿ ಪ್ರತಿ ಶೇಕಡಾ ಗುರುತಿನ ಹಿಂದೆಯೂ ಓರೆಗೆರೆ ಒತ್ತಿದರು. ಮಾವಿನ ಮರದ ಕೆಳಗೆ ಹಾಳೆ ಚಾಚಿದಾಗ ಗಲ್ಗಾಲೋ ತಾತ ಮಸಿಯಲ್ಲಿ ಎಡಗೈ ಹೆಬ್ಬೆಟ್ಟು ಅದ್ದಿ, ಹಾಳೆಯ ಮೇಲೆಯೇ ತಡೆದ.

"ಮೊದ್ಲು ಓದಪ್ಪ ಮೇಷ್ಟ್ರೇ. ಗಟ್ಟಿಯಾಗಿ. ನನ್ಹತ್ರ ಇರೋದು ಇದೊಂದೇ."

ಮೇಷ್ಟ್ರು ಓದಿದರು. ನಲವತ್ತು ಎಂಬಲ್ಲಿ ನಿಂತು, ಮತ್ತೊಮ್ಮೆ ಓದಿದರು. ಹುಣಸೆಮರದ ಕಡೆಯಿಂದ ದನಗಳು ಒಂದರ ಹಿಂದೊಂದು ನೀರಿಗಿಳಿಯುತ್ತಿದ್ದವು. ತಾತ ಕಣ್ಣು ಮುಚ್ಚಿ, ಕೊನೆಯ ಅಕ್ಷರದವರೆಗೂ ಕೇಳಿ, "ಬಿಸ್ಮಿಲ್ಲಾ" ಎಂದು ಬೆರಳು ಊರಿದ.