ವೈರ್ ತೆಗೆದು ನೋಡಿ ಕೊಂಡ ಲ್ಯಾಪ್‌ಟಾಪ್

ಕಾಲೇಜಿನ ಮೂರನೆಯ ಮಹಡಿಯ ತರಗತಿಯಲ್ಲಿ ಮೇಷ್ಟ್ರು ಏನೋ ತಮಾಷೆ ಹೇಳಿದರು. ಐವತ್ತು ಮಂದಿ ಒಟ್ಟಿಗೆ ನಕ್ಕರು. ಮುಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ನಗಲಿಲ್ಲ. ಅವಳಿಗೆ ಕಿವಿ ಕೇಳಿಸುವುದಿಲ್ಲ. ಪಕ್ಕದಲ್ಲಿ ಕುಳಿತ ಬೆರಳಚ್ಚುಗಾರ್ತಿ ಮೇಷ್ಟ್ರ ಮಾತನ್ನು ಆಗಿಂದಾಗ ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಬೇಕು, ಹುಡುಗಿ ಅದನ್ನು ಓದಿಕೊಳ್ಳಬೇಕು; ಅದು ಏರ್ಪಾಡು. ಆದರೆ ಸರಿಯಾಗಿ ಆ ಗಳಿಗೆಗೇ ಪರದೆ ಕಪ್ಪಾಗಿತ್ತು. ಹುಡುಗಿ ಏನೆಂದರೆಂದು ಕಣ್ಣಲ್ಲೇ ಕೇಳಿದಳು. ಚೀಟಿಯಲ್ಲಿ ಬರೆದು ತೋರಿಸುವ ಹೊತ್ತಿಗೆ ನಗು ಮುಗಿದು, ಪಾಠ ಎರಡು ಪುಟ ಮುಂದೆ ಹೋಗಿತ್ತು.

ಆ ಲ್ಯಾಪ್‌ಟಾಪ್ ಬೆರಳಚ್ಚುಗಾರ್ತಿಯ ಸ್ವಂತದ್ದು, ಇಟ್ಟಿಗೆಯಂತೆ ಭಾರ. ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು. ಪ್ಲಗ್ ಇರುವುದು ತರಗತಿಯ ಹಿಂದಿನ ಗೋಡೆಯಲ್ಲಿ. ಉದ್ದದ ವೈರಿಗೆ ಯಾರ ಕಾಲು ತಾಗಿದರೂ ಪಾಠ ಅಲ್ಲಿಗೇ ನಿಂತಂತೆ. ಇಂಥ ಕೆಲಸಕ್ಕೆ ಯಂತ್ರವನ್ನು ಕಾಲೇಜೇ ಒದಗಿಸುವುದು ನ್ಯಾಯ. ಒದಗಿಸಲಿಲ್ಲ. ಬದಲಿಗೆ, ಸೋಮವಾರದೊಳಗೆ ವೈರಿಲ್ಲದೆ ಎರಡು ಗಂಟೆ ನಡೆಯುವ ಲ್ಯಾಪ್‌ಟಾಪ್ ತರದಿದ್ದರೆ ಈ ಏರ್ಪಾಡನ್ನೇ ನಿಲ್ಲಿಸುವುದಾಗಿ ಹೇಳಿತು. ನಿಂತರೆ ಬೆರಳಚ್ಚುಗಾರ್ತಿಗೆ ಕೆಲಸವಿಲ್ಲ, ಹುಡುಗಿಗೆ ಪಾಠವಿಲ್ಲ.

ಅವಳ ಮನೆಯಲ್ಲಿ ದರ್ಜಿಯಾದ ಅಪ್ಪ ಹೊಲಿಗೆ ಯಂತ್ರ ತುಳಿಯುತ್ತಿದ್ದರು.

"ಹೊಸದು ನನ್ನ ಕೈಗೆ ಎಟುಕಲ್ಲಪ್ಪ. ಹಗುರವಾಗಿರೋದು, ಸೆಕೆಂಡ್ ಹ್ಯಾಂಡ್ ಒಂದು ತಗೋತೀನಿ."

"ಯಾರೋ ಬಿಸಾಕಿದ್ದಕ್ಕೆ ದುಡ್ಡು ಕೊಡ್ತೀಯಾ? ಅವರ ತಲೆನೋವು ನಮ್ಮ ಮನೆಗೆ ಯಾಕೆ?"

ಕುಪ್ಪಸದ ತೋಳು ಸಡಿಲ ಮಾಡಿಸಲು ಬಂದಿದ್ದ ಪಕ್ಕದ ಮನೆಯಾಕೆ ನಕ್ಕಳು. ಫೋನು, ಲ್ಯಾಪ್‌ಟಾಪ್ ರಿಪೇರಿ ಮಾಡುವ ಅವಳ ಜಡೆಯಲ್ಲಿ ಯಾವಾಗಲೂ ಒಂದು ಸ್ಕ್ರೂಡ್ರೈವರ್ ಸಿಕ್ಕಿಸಿರುತ್ತದೆ. ಬೀದಿಗೆಲ್ಲ ಅವಳು ಸ್ಕ್ರೂ ಅಕ್ಕ.

"ಮಾವ, ನೀವು ತುಳೀತಿರೋ ಮೆಷಿನ್ ಯಾವ ಶೋರೂಮಿಂದು?"

ಅಪ್ಪನ ಕಾಲು ನಿಂತಿತು. "ಅದು ಬೇರೆ ಕಣಮ್ಮ. ಅದನ್ನ ತರೋ ದಿನ ನಾನೇ ಬಟ್ಟೆ, ದಾರ ತಗೊಂಡು ಹೋಗಿದ್ದೆ. ಅಲ್ಲೇ ಕೂತು ಒಂದು ತೋಳು ಪೂರ್ತಿ ಹೊಲಿದು ನೋಡಿದ ಮೇಲೇನೇ ತಂದಿದ್ದು."

"ಇದನ್ನೂ ಹಾಗೇ ತರೋದು. ನಾಳೆ ನೀವೂ ಬನ್ನಿ."

ಮರುದಿನ ಶನಿವಾರ ಮೂವರೂ ಸೆಕೆಂಡ್ ಹ್ಯಾಂಡ್ ಯಂತ್ರಗಳ ಅಂಗಡಿಗೆ ಹೋದರು. ಮೇಜಿನ ಮೇಲೆ ಬೆಳ್ಳಿಬಣ್ಣದ, ತೆಳುವಾದ ಲ್ಯಾಪ್‌ಟಾಪೊಂದು ಥಳಥಳಿಸುತ್ತಿತ್ತು. ಅಪ್ಪ ಅಲ್ಲೇ ಮರುಳಾದರು. "ಇದೇ ಆಗಲಿ. ಕನ್ನಡಿ ಥರ ಇದೆ."

"ಯಜಮಾನರ ಕಣ್ಣು ಅಂದ್ರೆ ಕಣ್ಣು," ಎಂದ ಅಂಗಡಿಯವನು.

"ಲೈನಿಂಗ್ ನೋಡದೆ ಕೋಟು ಹೊಗಳ್ತೀರಲ್ಲ ಮಾವ," ಎಂದಳು ಸ್ಕ್ರೂ ಅಕ್ಕ. ಬಳಿಕ ಬೆರಳಚ್ಚುಗಾರ್ತಿಯ ಕಡೆ ತಿರುಗಿ, "ಚಾರ್ಜರ್ ಸಮೇತ ಚೀಲಕ್ಕೆ ಹಾಕ್ಕೊಂಡು ಮೆಟ್ಟಿಲು ಹತ್ತಿ ಇಳಿ. ಭಾರ ಹೊರೋದು ನಿನ್ನ ಹೆಗಲು, ಜಾಹೀರಾತಲ್ಲ."

ಹತ್ತಿ ಇಳಿದಳು. ಹೂವಿನಷ್ಟು ಹಗುರ. ಅವಳ ಮುಖ ಅರಳಿತು.

"ಸರಿ. ಈಗ ವೈರ್ ಕೀಳು."

"ವೈರ್ ಯಾಕೆ ಮೇಡಂ? ಎಲ್ಲರೂ ಹಾಕ್ಕೊಂಡೇ ಕೆಲಸ ಮಾಡೋದು. ನೂರಕ್ಕೆ ನೂರು ಚಾರ್ಜ್ ತೋರಿಸ್ತಿದೆ ನೋಡಿ."

ಬೆರಳಚ್ಚುಗಾರ್ತಿಯ ಕೈ ಹಿಂಜರಿಯಿತು. ಅಂಗಡಿಯವನು ಏನೆಂದುಕೊಳ್ಳುತ್ತಾನೋ ಎಂಬ ಸಂಕೋಚ. ಬೆವರು ಸುರಿಸಿ ಸಂಪಾದಿಸಿದ ಹಣವನ್ನು ಕೊಡುವವರು ನಾವು, ನಾಚಿಕೊಳ್ಳುವವರೂ ನಾವೇ. ಕುಂದನ್ನು ಹೊಳಪಿನ ಕೆಳಗೆ ಮುಚ್ಚಿಟ್ಟು ಮಾರುವವನಿಗೆ ಇಲ್ಲದ ನಾಚಿಕೆ, ಅದನ್ನು ಪರೀಕ್ಷಿಸುವವರಿಗೆ ಏಕಿರಬೇಕು?

ವೈರನ್ನು ಕಿತ್ತವರು ಅಪ್ಪ. ಒಂದು ಸ್ಟೂಲು ಎಳೆದುಕೊಂಡು ಕುಳಿತರು.

"ನಾನು ಹೇಳ್ತಾ ಹೋಗ್ತೀನಿ, ನೀನು ಟೈಪ್ ಮಾಡ್ತಾ ಹೋಗು. ಪಾಠ ಅಂದ್ರೆ ಪಾಠ. ಅಂಗಿ ಹೊಲಿಯೋ ವಿಧಾನ. ಮೊದಲು ಎದೆಯ ಅಳತೆ."

ಬೆರಳುಗಳು ಓಡಿದವು. ಅಪ್ಪ ಮಾತಿನಲ್ಲೇ ಬೆನ್ನಿನ ತುಂಡು ಕತ್ತರಿಸಿ, ಭುಜ ಜೋಡಿಸಿ, ಕಾಲರಿಗೆ ಬಂದಾಗ ನೂರು ಇದ್ದ ಚಾರ್ಜ್ ನಲವತ್ತಕ್ಕೆ ಇಳಿದಿತ್ತು. ಬೇರೆ ಗಿರಾಕಿಗಳೂ ಬಂದು ಸುತ್ತ ನಿಂತರು. ಎಡತೋಳು ಮೊಣಕೈ ದಾಟುವಷ್ಟರಲ್ಲಿ ಪರದೆ ಕಪ್ಪಾಯಿತು.

ಅಪ್ಪ ತಲೆಯೆತ್ತಿದರು. "ಏನಪ್ಪಾ, ನಿನ್ನ ಅಂಗಡೀಲಿ ಬರೀ ಅರ್ಧತೋಳಿನ ಅಂಗೀನೇನಾ?"

ನಿಂತವರೆಲ್ಲ ಗೊಳ್ಳೆಂದರು. ಸ್ಕ್ರೂ ಅಕ್ಕ ಮೂಲೆಯಿಂದ ಇನ್ನೊಂದನ್ನು ಆರಿಸಿ ತಂದಳು. ಮಾಸಿದ ಕಪ್ಪು ಬಣ್ಣ, ಮುಚ್ಚಳದ ಮೇಲೆ ಉದ್ದನೆಯ ಗೀರು. ಅಪ್ಪ ಮೂಗು ಮುರಿದರು.

"ಗೀರು ಟೈಪ್ ಮಾಡಲ್ಲ ಮಾವ," ಎನ್ನುತ್ತಾ ಅವಳು ಅದನ್ನು ಸಮತಟ್ಟಾದ ಮೇಜಿನ ಮೇಲಿಟ್ಟಳು. "ಅಲ್ಲಾಡ್ತಿಲ್ಲ. ತಳ ಉಬ್ಬಿ ಅಲ್ಲಾಡಿದ್ರೆ ಒಳಗೆ ಬ್ಯಾಟರಿ ಊದಿದೆ ಅಂತ ಅನುಮಾನ; ಅಂಥದ್ದು ಬೇಡವೇ ಬೇಡ. ಮೆಮೊರಿ ಎಂಟು ಜಿಬಿ ಇದೆ, ಬೇಗ ತೆರೆಯೋ ಎಸ್‌ಎಸ್‌ಡಿ ಇದೆ, ನಿನ್ನ ಕೆಲಸಕ್ಕೆ ಧಾರಾಳ. ಒಂದೊಂದು ಕೀನೂ ಒತ್ತಿ ನೋಡು. ಹಳೇ ಯಜಮಾನನ ಹೆಸರು, ಪಾಸ್‌ವರ್ಡ್ ಒಳಗೇ ಉಳಿದಿದ್ರೆ ನಾಳೆ ಬೀಗ ಬೀಳುತ್ತೆ; ನಮ್ಮೆದುರಿಗೇ ಎಲ್ಲಾ ಅಳಿಸ್ಲಿ."

ಅದೂ ಚೀಲದಲ್ಲಿ ಮೆಟ್ಟಿಲು ಹತ್ತಿ ಇಳಿಯಿತು. ಕೀಗಳೆಲ್ಲ ಸರಿಯಾಗಿದ್ದವು. ಹಳೇ ಯಜಮಾನನ ಗುರುತನ್ನೆಲ್ಲ ಅಂಗಡಿಯವನು ಅವರೆದುರೇ ಅಳಿಸಿದ. ಅಪ್ಪ ವೈರ್ ಕಿತ್ತು ಮತ್ತೆ ಎದೆಯ ಅಳತೆಯಿಂದ ಆರಂಭಿಸಿದರು. ಎರಡು ತೋಳೂ ಆದವು, ಕಾಜಾ ಆಯಿತು, ಗುಂಡಿ ಆಯಿತು. ಅಂಗಿ ಮುಗಿದು ಪ್ಯಾಂಟಿನ ಜೇಬಿಗೆ ಬಂದರೂ ಪರದೆ ಬೆಳಗುತ್ತಲೇ ಇತ್ತು. ಮುಕ್ಕಾಲು ಗಂಟೆಯಾಗಿತ್ತು, ನೂರರಲ್ಲಿ ಎಂಬತ್ತು ಉಳಿದಿತ್ತು.

"ಇನ್ನೂ ಇದೆಯಾ ಯಜಮಾನ್ರೇ?" ಎಂದ ಅಂಗಡಿಯವನು.

"ಕೋಟು ಬಾಕಿ ಇದೆ," ಎಂದರು ಅಪ್ಪ.

ಬೆಲೆ ಬೆಳ್ಳಿಬಣ್ಣದ್ದಕ್ಕಿಂತ ಕಡಿಮೆಯೇ ಇತ್ತು. ರಸೀದಿಯಲ್ಲಿ ಯಂತ್ರದ ಸಂಖ್ಯೆ ಬರೆಸಿದರು. ಕೆಟ್ಟರೆ ಹದಿನೈದು ದಿನದೊಳಗೆ ವಾಪಸ್ ಪಡೆಯುವುದಾಗಿಯೂ ಬರೆಯಲು ಕೇಳಿದಾಗ ಅಂಗಡಿಯವನು, "ನನ್ನ ಮಾತು ಸಾಲದಾ?" ಎಂದ.

"ಮಾತು ಗಟ್ಟಿ ಇದ್ದೋರಿಗೆ ಬರೆಯೋಕೆ ಏನು ಕಷ್ಟ ಅಣ್ಣಾ?" ಎಂದಳು ಬೆರಳಚ್ಚುಗಾರ್ತಿ. ಸಂಕೋಚ ಎಲ್ಲಿ ಹೋಯಿತೋ, ಅವಳಿಗೇ ತಿಳಿಯಲಿಲ್ಲ. ಅವನು ಬರೆದುಕೊಟ್ಟ.

ಸೋಮವಾರ ಅವಳು ಮೂರು ಮಹಡಿಯನ್ನು ಏದುಸಿರಿಲ್ಲದೆ ಹತ್ತಿದಳು. ಎರಡನೆಯ ಗಂಟೆಯ ನಡುವೆ ಮೇಷ್ಟ್ರು ಮತ್ತೊಂದು ತಮಾಷೆ ಹೇಳಿದರು. ಈ ಸಲ ಐವತ್ತೊಂದು ಮಂದಿ ಒಟ್ಟಿಗೆ ನಕ್ಕರು.

ಸಂಜೆ ಅಪ್ಪ ಬಾಗಿಲಲ್ಲೇ ಕೇಳಿದರು, "ತೋಳು ಪೂರ್ತಿ ಆಯ್ತಾ?"

"ಕೋಟೂ ಆಯ್ತಪ್ಪ."

ಓದುಗರೇ, ಹಳೆಯದನ್ನು ಕೊಳ್ಳುವುದು ಅವಮಾನವಲ್ಲ. ಪರೀಕ್ಷಿಸದೆ ಕೊಳ್ಳುವುದು ನಿಮ್ಮ ದುಡಿಮೆಗೆ ನೀವೇ ಮಾಡುವ ಅನ್ಯಾಯ. ಲ್ಯಾಪ್‌ಟಾಪ್ ಕೊಳ್ಳಲು ಹೋಗುವಾಗ ಹಣದೊಂದಿಗೆ ನಿಮ್ಮ ಕೆಲಸವನ್ನೂ ಕೊಂಡೊಯ್ಯಿರಿ. ಹೆಗಲಿಗೆ ಹಾಕಿ ನಡೆಯಿರಿ, ವೈರ್ ಕೀಳಿರಿ, ಅಲ್ಲೇ ಕುಳಿತು ಆ ಕೆಲಸವನ್ನು ಮಾಡಿ ನೋಡಿರಿ, ಒಪ್ಪಿದ್ದನ್ನು ಬರೆಸಿಕೊಳ್ಳಿರಿ. ಅಂಗಡಿಯವನು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ನಾಳೆ ಕಪ್ಪಾದ ಪರದೆಯ ಮುಂದೆ ಕುಳಿತಿರಬೇಕಾದವನು ಅವನಲ್ಲ.