ಕೋಷ್ಟಕದ ಹದಿನೇಳನೇ ಸಾಲು

ಸಂಶೋಧಕಿಗೆ ತನ್ನ ತಪ್ಪು ಹೊಳೆದದ್ದು ಹಲ್ಲುಜ್ಜುವಾಗ. ಬಾಯಿತುಂಬ ನೊರೆ ಇಟ್ಟುಕೊಂಡೇ ಓಡಿಬಂದು ಪ್ರಬಂಧದ ಕೊನೆಯ ಪುಟ ತೆರೆದಳು. ಕೋಷ್ಟಕದ ಹದಿನೇಳನೇ ಸಾಲು: ಹೆಣ್ಣು, ಪರೀಕ್ಷಾ ವಿಭಾಗ, ಇಪ್ಪತ್ತಾರು ವರ್ಷದ ಅನುಭವ. ತೂಕದ ಯಂತ್ರ ತಯಾರಿಸುವ ಆ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಇದ್ದದ್ದೇ ಒಬ್ಬ ಹೆಂಗಸು. ಹೆಸರು ಮುಚ್ಚಿಟ್ಟು ಆಳನ್ನು ಬೆರಳು ಮಾಡಿ ತೋರಿಸಿದಂತಾಗಿತ್ತು.

ಒಂದು ಸಂಸ್ಥೆ ತನ್ನನ್ನು ಏನೆಂದುಕೊಂಡಿರುತ್ತದೆ, ನಿಜಕ್ಕೂ ಏನಾಗಿರುತ್ತದೆ ಎಂಬುದು ಅವಳ ವಿಷಯ. ಎರಡು ವರ್ಷ ಅಲ್ಲಿಗೆ ಅಲೆದು ಮೂವತ್ತೆಂಟು ಜನರನ್ನು "ನೀವೆಲ್ಲ ಸೇರಿ ಯಾರು?" ಎಂದು ಕೇಳಿದ್ದಳು. ಮೂವತ್ತೇಳು ಮಂದಿ ಗೋಡೆಯ ಮೇಲಿನ 'ನಿಖರತೆಯೇ ನಾವು' ಎಂಬ ಫಲಕವನ್ನೇ ಗಿಳಿಪಾಠದಂತೆ ಒಪ್ಪಿಸಿದ್ದರು. ಹದಿನೇಳನೆಯವಳು ಮಾತ್ರ, "ಮೊದ್ಲು ಒಂದು ಗ್ರಾಂ ಹೆಚ್ಚುಕಮ್ಮಿ ಆದ್ರೂ ವಾಪಸ್ ಕಳಿಸ್ತಿದ್ವಿ. ಈಗ ತಿಂಗಳ ಕೊನೆ ಬಂತು, ಸುಮ್ನೆ ಮುದ್ರೆ ಒತ್ತು ಅಂತಾರೆ. ಹಾಗಾದ್ರೆ ನಾವು ಯಾರಮ್ಮ? ನೀನೇ ಹೇಳು," ಎಂದಿದ್ದಳು. ನಾಲ್ಕನೆಯ ಅಧ್ಯಾಯ ನಿಂತದ್ದೇ, ಹೆಸರಿನ ಬದಲು 'ಹದಿನೇಳು' ಎಂದು ಹಾಕಿದ್ದ ಆ ಮಾತಿನ ಮೇಲೆ. ಮಾರ್ಗದರ್ಶಕರು ಪಕ್ಕದಲ್ಲಿ "ಭೇಷ್" ಎಂದು ಬರೆದಿದ್ದರು. ಒಪ್ಪಂದದಂತೆ ಕರಡು ಪ್ರತಿ ಮೊನ್ನೆಯೇ ಕಾರ್ಖಾನೆಯ ಯಜಮಾನರ ಕೈ ಸೇರಿತ್ತು.

ಕಾರ್ಖಾನೆಗೆ ಹೊರಟ ಬಸ್ಸಿನಲ್ಲಿ ಜಾಗವಿದ್ದರೂ ಅವಳು ಕೂರಲಿಲ್ಲ. ಇಷ್ಟು ದಪ್ಪದ್ದನ್ನು ಯಾರು ಓದುತ್ತಾರೆ, ಹೆತ್ತ ಅಮ್ಮನೇ ಮೊದಲ ಪುಟ ದಾಟಿಲ್ಲ ಎಂದು ಸಮಾಧಾನ ಮಾಡಿಕೊಂಡಳು. ಮರುಗಳಿಗೆಗೇ ಮತ್ತೆ ಆ ಕೊನೆಯ ಪುಟ ತೆರೆದು ನೋಡಿದಳು.

"ಬಾಮ್ಮ, ಪೂರ್ತಿ ಓದ್ದೆ," ಎಂದರು ಯಜಮಾನರು, ನಗುನಗುತ್ತಲೇ. "ನಾಯಕತ್ವ ಗೀಯಕತ್ವ ಎಲ್ಲ ತಲೆ ಮೇಲೆ ಹೋಯ್ತು. ಆದ್ರೆ ಕೊನೇಲಿ ಒಂದು ಪಟ್ಟಿ ಹಾಕಿದ್ದೀಯಲ್ಲ, ಅದು ಬಹಳ ಉಪಯೋಗಕ್ಕೆ ಬಂತು."

"ತಪ್ಪು ನಂದು ಸರ್. ದಯವಿಟ್ಟು ಅವರನ್ನ ಏನೂ..."

"ಯಾರನ್ನ?"

ಅವಳು ಎದ್ದು ಪರೀಕ್ಷಾ ವಿಭಾಗದತ್ತ ಓಡಿದಳು.

ಪರೀಕ್ಷಾ ವಿಭಾಗದ ಸ್ಟೂಲಿನ ಮೇಲೆ ಹೊಸಬನೊಬ್ಬ ಕೂತು ಪಟಪಟನೆ ಮುದ್ರೆ ಒತ್ತುತ್ತಿದ್ದ. ಎಲ್ಲರೂ ತೂಕದಕ್ಕ ಎಂದು ಕರೆಯುತ್ತಿದ್ದ ಆ ಹೆಂಗಸು ಪ್ಯಾಕಿಂಗ್ ಶೆಡ್ಡಿನಲ್ಲಿ ರಟ್ಟಿನ ಡಬ್ಬ ಮಡಚುತ್ತಿದ್ದಳು.

"ಯಜಮಾನ್ರು ಕರೆದು ಕೇಳಿದ್ರು, ಹೌದು ನಾನೇ ಅಂದೆ. ನಿಜ ಹೇಳೋಕೆ ನಂಗೇನು ದಾಡಿ?"

"ನನ್ನಿಂದ ಹೀಗಾಯ್ತು ಅಕ್ಕ. ನಿಮ್ಮ ಮಾತನ್ನೇ ತೆಗೆದುಬಿಡ್ತೀನಿ. ಅಧ್ಯಾಯ ಹೋದ್ರೆ ಹೋಗ್ಲಿ."

ತೂಕದಕ್ಕನಿಗೆ ರೇಗಿಹೋಯಿತು. "ತೆಗೆದು ನೋಡು! ಜಾಗ ಹೋಯ್ತು, ಇನ್ನು ಮಾತೂ ಹೋಗ್ಬೇಕಾ? ಇಪ್ಪತ್ತಾರು ವರ್ಷದಲ್ಲಿ ನನ್ನ ಮುದ್ರೆ ಇಲ್ದೆ ಒಂದು ಯಂತ್ರಾನೂ ಹೊರಗೆ ಕಳ್ಸಿಲ್ಲ. ಹೆಂಗೂ ಎಲ್ರಿಗೂ ಗೊತ್ತಾಗಿದೆ. ಹದಿನೇಳು ಗಿದಿನೇಳು ಬೇಡ, ನನ್ನ ಹೆಸರೇ ಹಾಕು. ಬರಿ, ನನ್ ಕಣ್ಮುಂದೆ."

ಹೆಸರು ಹಾಕಲು ನಿಯಮ ಒಪ್ಪುವುದಿಲ್ಲವೆಂದು ಗೊತ್ತಿದ್ದರೂ ಸಂಶೋಧಕಿ ಬ್ಯಾಗಿನಿಂದ ಪುಸ್ತಕ ತೆಗೆದಳು, ಪೆನ್ನಿನ ಮುಚ್ಚಳ ಬಿಚ್ಚಿದಳು. ಕೈ ಅಲ್ಲೇ ನಿಂತಿತು. ಹೆಸರಿದ್ದ ಒಪ್ಪಿಗೆ ಪತ್ರ ಮಾರ್ಗದರ್ಶಕರ ಬೀರುವಿನಲ್ಲಿ, ಬೀಗದೊಳಗೆ. ಅವಳಿಗೆ ಆ ಹೆಂಗಸು ಬಾಯಲ್ಲಿ ಅಕ್ಕ, ಹಾಳೆಯಲ್ಲಿ ಹದಿನೇಳು; ಎರಡು ವರ್ಷ ಅಷ್ಟರಲ್ಲೇ ಕಳೆದುಹೋಗಿತ್ತು. ಎಷ್ಟು ತಡಕಾಡಿದರೂ ಹೆಸರು ನೆನಪಾಗಲಿಲ್ಲ.

"ಬರ್ದ್ಯಾ?" ಎಂದು ಕತ್ತು ಚಾಚಿ ನೋಡಿದಳು ತೂಕದಕ್ಕ.